ಷಡ್ಡಕರು ಟೀವಿಯನ್ನು ಬಿಸಿಲಿಗೆ ತಂದದ್ದು

ನಮ್ಮ ಷಡ್ಡಕರ ಮನೆಗೆ ಹೋಗುವವರಿಗೆಲ್ಲ ನಾನು ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ: ದಯವಿಟ್ಟು ಬಣ್ಣದ ಅಂಗಿ ಹಾಕಿಕೊಂಡು ಹೋಗಬೇಡಿ. ಬಿಳಿ ಅಂಗಿಯನ್ನಂತೂ ಮುಟ್ಟಲೇಬೇಡಿ. ಹಾಗಾದರೆ ಏನು ಹಾಕಿಕೊಂಡು ಹೋಗಬೇಕು ಅಂತ ಕೇಳಿದರೆ ನನ್ನ ಹತ್ತಿರವೂ ಉತ್ತರವಿಲ್ಲ. ಬಾಗಿಲು ತೆಗೆದ ಕೂಡಲೇ ಅವರು ನೋಡುವುದು ನಿಮ್ಮ ಅಂಗಿಯನ್ನು. ಮುಖದ ಸರದಿ ಆಮೇಲೆ. "ಬನ್ನಿ ಬನ್ನಿ, ಒಳ್ಳೇ ಟೈಮಿಗೆ ಬಂದ್ರಿ. ಒಂದ್ನಿಮಿಷ ಟೀವಿ ಪಕ್ಕದಲ್ಲಿ ನಿಂತ್ಕೊಳಿ" ಅನ್ನುತ್ತಾರೆ. ನಿಂತಿರೋ, ಕೆಟ್ಟಿರಿ! ಅವರ ಹೆಂಡತಿ ತಂದಿಟ್ಟ ಕಾಫಿ ತಣ್ಣಗಾಗಿ, ಕೆನೆಕಟ್ಟಿ, ಮತ್ತೆ ಒಳಗೆ ಹೋಗಿ ಬಿಸಿಯಾಗಿ ಬರುವವರೆಗೂ ನಿಂತೇ ಇರಬೇಕು. ಷಡ್ಡಕರು ಒಮ್ಮೆ ನಿಮ್ಮ ಅಂಗಿಯನ್ನೂ ಒಮ್ಮೆ ಟೀವಿಯೊಳಗಿನ ಯಾರದೋ ಅಂಗಿಯನ್ನೂ ನೋಡುತ್ತ ರಿಮೋಟು ಒತ್ತುತ್ತಿರುತ್ತಾರೆ.

ಷಡ್ಡಕರು ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಈ ಸಂಬಂಧವನ್ನು ಯಾರೂ ನೋಡಿ ಆರಿಸಿಕೊಳ್ಳುವುದಿಲ್ಲ, ತಾಳಿ ಕಟ್ಟುವಾಗ ಜೊತೆಯಲ್ಲೇ ಬರುತ್ತದೆ. ನನಗೆ ಬಂದವರು ಶಿವಾಜಿನಗರದ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತಾರೆ. ನೆಲದಿಂದ ಸೂರಿನವರೆಗೆ ರವಿಕೆ ಕಣದ ಥಾನುಗಳನ್ನು ಜೋಡಿಸಿರುವ ಇಕ್ಕಟ್ಟಿನ ಅಂಗಡಿ. ಕಂಟೋನ್ಮೆಂಟಿನ ಹೆಂಗಸರೆಲ್ಲ ಸೀರೆ ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆ. ಒಬ್ಬರು ತಮಿಳಿನಲ್ಲಿ, ಇನ್ನೊಬ್ಬರು ದಖನಿಯಲ್ಲಿ, ಮತ್ತೊಬ್ಬರು ಇಂಗ್ಲಿಷಿನಲ್ಲಿ ಒಂದೇ ದೂರು ಹೇಳುತ್ತಾರೆ, ಈ ಬಣ್ಣ ಎಲ್ಲೂ ಸಿಗುತ್ತಿಲ್ಲ ಅಂತ. ಷಡ್ಡಕರು ಸೀರೆಯ ಅಂಚು ಹಿಡಿದು, ಒಂದು ತುಂಡು ಎಳೆದುಕೊಂಡು, ಎರಡನ್ನೂ ಬೀದಿಗೆ ತರುತ್ತಾರೆ. "ಟ್ಯೂಬ್‌ಲೈಟಲ್ಲಿ ನೋಡ್ಬೇಡಿ ಅಮ್ಮಾ, ಅದು ಸುಳ್ಳು ಹೇಳುತ್ತೆ. ಬಿಸಿಲಲ್ಲಿ ನೋಡಿ." ಅವರ ಇಡೀ ಜೀವನ ಅಂಗಡಿಯಿಂದ ಬಿಸಿಲಿಗೆ, ಬಿಸಿಲಿನಿಂದ ಅಂಗಡಿಗೆ ಓಡಾಡುವುದರಲ್ಲೇ ಕಳೆದಿದೆ.

ಹೀಗಾಗಿ ಅವರ ಬಾಯಲ್ಲಿ ಕೆಂಪು, ಹಸಿರು ಅನ್ನುವ ಮಾತುಗಳೇ ಇಲ್ಲ. ಅರಗು, ಈರುಳ್ಳಿ ಸಿಪ್ಪೆ, ಗಿಳಿ ಹಸಿರು, ಪಾಚಿ, ನವಿಲುಕತ್ತು, ಇವೇ ಎಲ್ಲ. ನನ್ನ ಮದುವೆಯ ಕೋಟನ್ನು ನೋಡಿ, ಮಂಟಪದಲ್ಲೇ, ಎಲ್ಲರಿಗೂ ಕೇಳುವ ಹಾಗೆ "ಹಳಸಿದ ಗಂಧ" ಅಂದಿದ್ದರು. ನಾನು ಅದನ್ನು ಕ್ರೀಮ್ ಕಲರ್ ಅಂತ ನಂಬಿ ಹೊಲಿಸಿದ್ದೆ. ಆ ಕೋಟನ್ನು ಆಮೇಲೆ ತೊಡಲು ಮನಸ್ಸೇ ಬರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಸವಿತಾ. ಕಪ್ಪು ಹುಡುಗಿ. ನಾಮಕರಣದ ದಿನ ನೆಂಟರ ಹೆಂಗಸರು ತೊಟ್ಟಿಲು ಬಗ್ಗಿ ನೋಡಿ, "ಪರವಾಗಿಲ್ಲ, ಕಡಲೆಹಿಟ್ಟು ಹಚ್ಚಿದ್ರೆ ತಿಳಿಯಾಗುತ್ತೆ" ಅಂತ ಅಕ್ಕನಿಗೆ ಸಮಾಧಾನ ಹೇಳುತ್ತಿದ್ದರು. ಷಡ್ಡಕರು ಮಗುವನ್ನು ಎತ್ತಿಕೊಂಡು ಸೀದಾ ಬಾಗಿಲಾಚೆ ಬಿಸಿಲಿಗೆ ಹೋದರು. ವಾಪಸ್ ಬಂದು, "ಹುಣಸೆಬೀಜ. ನಮ್ಮಮ್ಮಂದು. ಈ ಶೇಡು ಈಗ ಮಾರ್ಕೆಟಲ್ಲಿ ಸಿಗಲ್ಲ" ಅಂದರು. ಆ ಹೆಂಗಸರು ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಪಾಯಸ ಕುಡಿದು ಹೋದರು.

ಆ ಸವಿತಾ ಈಗ ಒಂದು ಸಣ್ಣ ಚಾನೆಲ್ಲಿನಲ್ಲಿ ಮಧ್ಯಾಹ್ನದ ವಾರ್ತೆ ಓದುತ್ತಾಳೆ. ಮೊದಲ ದಿನ ಬೈಯಪ್ಪನಹಳ್ಳಿಯ ಅವರ ಬಾಡಿಗೆ ಮನೆಯಲ್ಲಿ ನಾವೆಲ್ಲ ಟೀವಿ ಮುಂದೆ ಸೇರಿದ್ದೆವು. ಅವಳು ಕಾಣಿಸಿಕೊಂಡಳು. ದನಿ ಸವಿತಾಳದೇ. ಮುಖ ಮಾತ್ರ ಸಿಪ್ಪೆ ಸುಲಿದ ಬಾದಾಮಿಯ ಬಣ್ಣಕ್ಕಿತ್ತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಫೋನುಗಳು ಶುರುವಾದವು. "ಟೀವೀಲಿ ಎಷ್ಟು ಬೆಳ್ಳಗೆ ಕಾಣ್ತಾಳೆ ರೀ ನಿಮ್ಮ ಮಗಳು!" ಷಡ್ಡಕರು ಪ್ರತಿ ಫೋನಿಗೂ ಒಂದೇ ಉತ್ತರ ಕೊಟ್ಟರು. "ಟೀವಿ ಕೆಟ್ಟಿದೆ." ಇಟ್ಟುಬಿಟ್ಟರು.

ಮೇಕಪ್ಪು ಅಂತ ನಾನು ಹೇಳಿದೆ. ನನ್ನ ಹೆಂಡತಿ ಹೇಳಿದಳು. ಸವಿತಾ ಕೂಡ ಒಂದು ಸಲ, ಎತ್ತಲೋ ನೋಡುತ್ತ, "ಸ್ವಲ್ಪ ಹಚ್ತಾರೆ ಅಪ್ಪಾ" ಅಂದಳು. ಕೆಲಸ ಮುಗಿಸಿ ಮುಖ ತೊಳೆದುಕೊಂಡೇ ಮನೆಗೆ ಬರುವವಳು ಅವಳು, ಹಚ್ಚಿದ ಮುಖವನ್ನು ಇವರು ಕಂಡವರಲ್ಲ. "ಸ್ವಲ್ಪ ಪೌಡರ್ ಹಾಕಿದ್ರೆ ಇಷ್ಟು ಬಣ್ಣ ಬದಲಾಗುತ್ತೇನ್ರೀ? ಕುದಿಯೋ ಬಣ್ಣದಲ್ಲಿ ಅದ್ದಿದ್ರೂ ಇಷ್ಟು ಶೇಡ್ ಇಳಿಯಲ್ಲ. ಟೀವೀದೇ ತಪ್ಪು" ಅಂತ ಷಡ್ಡಕರು ವಾದ ಮುಗಿಸಿದರು. ನನಗೆ ಆಗ ರೇಗಿತ್ತು. ಈಗ ಅನ್ನಿಸುತ್ತದೆ, ಟೀವಿಯ ತಪ್ಪಾದರೆ ಮನುಷ್ಯ ಏನಾದರೂ ಮಾಡಬಹುದು. ಯಾರೋ ಕೂತು ನಿನ್ನ ಮಗಳ ಬಣ್ಣ ನಮಗೆ ಬೇಡ ಅಂದಿದ್ದಾರೆ ಅಂತಾದರೆ, ತಂದೆಯಾದವನು ಯಾವ ಬಟನ್ ಒತ್ತಬೇಕು?

ಅಕ್ಕನ ಲೆಕ್ಕವೇ ಬೇರೆ ಇತ್ತು. ವಾರ್ತೆ ಶುರುವಾದ ಮೇಲೆ ಗಂಡಿನ ಕಡೆಯವರು ತಾವಾಗಿಯೇ ವಿಚಾರಿಸತೊಡಗಿದ್ದರು. "ಟೀವಿ ಸುಳ್ಳು ಹೇಳಿದ್ರೆ ಹೇಳ್ಕೊಳ್ಲಿ ಬಿಡಿ" ಅಂತ ಅಕ್ಕ. "ನಮ್ಮನೇಲಿ ಕೂತ್ಕೊಂಡು ನನ್ನ ಮಗಳ ಮೇಲೆ ಸುಳ್ಳು ಹೇಳೋಕೆ ಅದಕ್ಕೇನು ಹಕ್ಕಿದೆ?" ಅಂತ ಇವರು. ಕೊನೆಗೆ ಹೊಸ ಟೀವಿ ಕೊಳ್ಳುವುದೆಂದು ತೀರ್ಮಾನವಾಯಿತು. ಬಜೆಟ್ಟು ಸಣ್ಣದು, ಟೀವಿಯೂ ಸಣ್ಣದೇ ಸಾಕು, ಬಣ್ಣ ಮಾತ್ರ ನಿಜ ಇರಬೇಕು. ಜೊತೆಗೆ ನಾನು ಹೋಗಬೇಕಾಯಿತು. ಷಡ್ಡಕನಾಗಿ ಹುಟ್ಟಿದ ತಪ್ಪಿಗೆ!

ನಮ್ಮ ಕಮ್ಮನಹಳ್ಳಿ ಮೇನ್ ರೋಡಿನಲ್ಲೇ ಒಂದು ಅಂಗಡಿಗೆ ಹೋದೆವು. ಷಡ್ಡಕರು ಚೀಲದಿಂದ ಒಂದು ಕಟ್ಟು ರವಿಕೆ ತುಂಡುಗಳನ್ನು ತೆಗೆದು, ಸಾಲಾಗಿ ಉರಿಯುತ್ತಿದ್ದ ಟೀವಿಗಳ ಮೇಲೆ ಒಂದೊಂದಾಗಿ ಇಟ್ಟು ನೋಡಿದರು. ಎಲ್ಲದರಲ್ಲೂ ಒಂದೇ ಗಿಳಿಗಳು ಹಾರುತ್ತಿದ್ದವು, ಒಂದೊಂದರಲ್ಲೂ ಒಂದೊಂದು ಹಸಿರು. ನನಗೆ ತಲೆ ತಿರುಗಿತು. ಅವರು ಒಂದು ಸೆಟ್ಟಿನ ಮುಂದೆ ನಿಂತು ಅಂಗಡಿಯವನಿಗೆ ಹೇಳಿದರು, "ಇದನ್ನ ಸ್ವಲ್ಪ ಹೊರಗೆ ತನ್ನಿ. ಬಿಸಿಲಲ್ಲಿ ನೋಡ್ತೀನಿ."

"ಸಾರ್, ಟೀವಿ ಸಾರ್ ಇದು. ಸೀರೆ ಅಲ್ಲ."

"ಗೊತ್ತು ಕಣಪ್ಪಾ. ನಿಮ್ಮ ಟ್ಯೂಬ್‌ಲೈಟ್ ನಂಬಿ ನಾನು ದುಡ್ಡು ಕೊಡಲ್ಲ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಪಕ್ಕದ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ನೋಡತೊಡಗಿದೆ. ಬೆಳಿಗ್ಗೆಯಿಂದ ಬೋಣಿಯಾಗಿರಲಿಲ್ಲವೋ ಏನೋ, ಅವನು ಉದ್ದದ ವೈರು ಎಳೆದು ಟೀವಿಯನ್ನು ನಿಜಕ್ಕೂ ಫುಟ್‌ಪಾತಿಗೆ ತಂದಿಟ್ಟ. ಸುಡುಬಿಸಿಲು. ಗಿಳಿಗಳು ಮಾಯ. ಗಾಜಿನಲ್ಲಿ ಕಂಡದ್ದು ನಾವು ಮೂವರು, ಹಿಂದೆ ನಿಂತಿದ್ದ ಒಂದು ಆಟೋ. ಷಡ್ಡಕರು ಬಗ್ಗಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದರು. ಎದ್ದುನಿಂತು, "ಇದನ್ನೇ ಪ್ಯಾಕ್ ಮಾಡಿ" ಅಂದರು. "ಉಳಿದಿದ್ದೆಲ್ಲ ಮಂಕು, ನಿಜ. ಆದ್ರೆ ಆಟೋ ಹಸಿರು ಕರೆಕ್ಟಾಗಿ ಬಂದಿದೆ."

ಅದು ಹಿಂದಿರುವ ಆಟೋದ ಪ್ರತಿಬಿಂಬ ಅಂತ ಹೇಳೋಣವೆಂದು ನಾನು ಬಾಯಿ ತೆರೆದೆ. ಅಂಗಡಿಯವನು ನನ್ನ ಕಾಲು ತುಳಿದ. ಆಟೋದವನು ಗಾಡಿ ಸ್ಟಾರ್ಟ್ ಮಾಡಿಕೊಂಡು ಹೊರಟ, ಟೀವಿಯಲ್ಲಿದ್ದ ಆಟೋವೂ ಹೊರಟಿತು. "ಪಿಕ್ಚರ್ ಎಷ್ಟು ನೈಜವಾಗಿದೆ ನೋಡಿ" ಅಂದರು ಷಡ್ಡಕರು.

ಹೊಸ ಟೀವಿಯಲ್ಲಿ ಸವಿತಾ ಇನ್ನಷ್ಟು ಬೆಳ್ಳಗೆ ಕಂಡಳು. ಅಲ್ಲಿಂದ ಶುರುವಾಯಿತು ನೋಡಿ ಮನೆಯಲ್ಲಿ ಪರೀಕ್ಷೆ. ಟೀವಿಯ ಬಣ್ಣ ಅಳೆಯುವ ಯಂತ್ರವೊಂದು ಸಿಗುತ್ತದಂತೆ, ಅದರ ಬೆಲೆ ಟೀವಿಗಿಂತ ಹೆಚ್ಚಂತೆ. ಅಷ್ಟು ಕೊಡುವ ಶಕ್ತಿಯಿಲ್ಲದವರಿಗಾಗಿ ಯಾರೋ ಪುಣ್ಯಾತ್ಮ ಮೊಬೈಲಿನಲ್ಲಿ ವಿಡಿಯೋ ಹಾಕಿದ್ದ. ನೀಲಿ ಜಿಲೇಟಿನ್ ಕಾಗದವನ್ನು ಕಣ್ಣಿಗೆ ಹಿಡಿದು ಟೀವಿಯ ಬಣ್ಣದ ಪಟ್ಟಿಗಳನ್ನು ನೋಡಬೇಕು. ಕೆಲವು ಪಟ್ಟಿಗಳು ಒಂದೇ ಥರ ಕಂಡರೆ ಬಣ್ಣ ಸರಿ ಇದೆ ಅಂತ. ಷಡ್ಡಕರು ತಮ್ಮೊಬ್ಬರ ಕಣ್ಣಿನ ಮೇಲೆ ಭರವಸೆ ಸಾಲದೆ ಮನೆಮಂದಿಗೆಲ್ಲ ನೀಲಿ ಕಾಗದ ಕಟ್ಟಿದರು. ಅಕ್ಕ ಅದನ್ನು ಕಟ್ಟಿಕೊಂಡೇ ಅಡುಗೆಮನೆಗೆ ಹೋಗಿ ನನಗೆ ಕಾಫಿ ಬೆರೆಸಿ ತಂದರು. ಒಂದು ಗುಟುಕು ಕುಡಿದೆ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ! ಹಾಲಿಗೆ ಡಿಕಾಕ್ಷನ್ ಬದಲು ಸಾರು ಬಿದ್ದಿತ್ತು.

ಷಡ್ಡಕರಿಗೆ ಪರಮಾನಂದ. "ಸಾರಿಗೂ ಡಿಕಾಕ್ಷನ್‌ಗೂ ವ್ಯತ್ಯಾಸ ಕಾಣ್ಲಿಲ್ಲ ಅಂದ್ರೆ ಪೇಪರ್ ಸರಿಯಾಗಿ ಕೆಲಸ ಮಾಡ್ತಿದೆ. ಕುಡಿದುಬಿಡಿ, ಏನಾಗಲ್ಲ."

ಆಮೇಲೆ ತರಕಾರಿ. ರಸೆಲ್ ಮಾರುಕಟ್ಟೆಯಿಂದ ಬದನೆಕಾಯಿ, ನಿಂಬೆಹಣ್ಣು, ಟೊಮೇಟೊ ತಂದು, ಅಡುಗೆ ಕಾರ್ಯಕ್ರಮ ಬರುವಾಗ ಟೀವಿ ಪಕ್ಕ ಹಿಡಿದು ಹೋಲಿಸುತ್ತಿದ್ದರು. ಪರೀಕ್ಷೆ ಮುಗಿಯುವವರೆಗೂ ಆ ಬದನೆಕಾಯಿಯನ್ನು ಹುಳಿಗೆ ಹಾಕುವಂತಿಲ್ಲ, ಮುಗಿಯುವ ಹೊತ್ತಿಗೆ ಅದು ಬಾಡಿ ಬಣ್ಣ ಬದಲಾಗಿ ಇವರು ಮತ್ತೆ ಟೀವಿಯ ಬಣ್ಣವನ್ನೇ ಬದಲಾಯಿಸುತ್ತಿದ್ದರು. ಬಿಳಿಗೆ ರಂಗೋಲಿ ಪುಡಿ. ಕಪ್ಪಿಗೆ ಕಾಡಿಗೆ. ಟೀವಿಯ ಕಪ್ಪು ನಿಜವಾದ ಕಪ್ಪು ಹೌದೋ ಅಲ್ಲವೋ ನೋಡಲು ಗಾಜಿನ ಮೂಲೆಯಲ್ಲಿ ಕಾಡಿಗೆಯ ದೊಡ್ಡ ಚುಕ್ಕೆ ಇಟ್ಟಿದ್ದರು. ಪಕ್ಕದ ಮನೆಯ ತಮಿಳು ಅಜ್ಜಿ ಸಕ್ಕರೆ ಕೇಳಲು ಬಂದವರು ಅದನ್ನು ಕಂಡು, "ಹೊಸ ಟೀವಿಗೆ ದೃಷ್ಟಿಬೊಟ್ಟಾ? ನಲ್ಲದು, ಒಳ್ಳೇದೇ ಮಾಡಿದ್ರಿ, ಈ ಬಿಲ್ಡಿಂಗಲ್ಲಿ ಕಣ್ಣು ಜಾಸ್ತಿ" ಅಂದರು. ಸ್ವಲ್ಪ ದಿನದಲ್ಲೇ ಅವರ ವಾಷಿಂಗ್ ಮಷೀನಿಗೂ ಒಂದು ಚುಕ್ಕೆ ಬಂತು.

ನನ್ನ ಅವಸ್ಥೆ ಕೇಳಬೇಡಿ. ಬಣ್ಣ ಅಂದರೆ ಏನು ಅನ್ನುವುದೇ ನನಗೆ ಮರೆತುಹೋಗಿತ್ತು. ಹಲಸೂರಿನ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು, ಉರಿಯುತ್ತಿದ್ದ ದೀಪ ಗಿಳಿ ಹಸಿರೋ ಪಾಚಿಯೋ ಅಂತ ಯೋಚಿಸುತ್ತ ನಿಂತಿದ್ದೆ. ಹಿಂದಿನಿಂದ ಹಾರ್ನುಗಳ ಸುರಿಮಳೆ. "ಗುರೂ, ಗ್ರೀನ್ ಬಿದ್ದು ಎಷ್ಟೊತ್ತಾಯ್ತು, ನೋಡ್ತಾನೇ ಇರ್ತೀಯಾ?" ಅಂದ ಒಬ್ಬ. ಅವನಿಗೆ ಅದು ಬರೀ ಗ್ರೀನು. ಎಷ್ಟು ಸುಖಿ ಅನ್ನಿಸಿತು.

ಒಂದು ಭಾನುವಾರ ಷಡ್ಡಕರ ಫೋನು. "ಬಂತು ರೀ. ಶೇಡ್ ಬಂತು. ಇಬ್ರೂ ಊಟಕ್ಕೆ ಬಂದ್ಬಿಡಿ." ಹೋದೆವು. ಸವಿತಾಳಿಗೆ ಅವತ್ತು ರಜೆ, ಹಿಂದಿನ ದಿನ ಓದಿದ ವಾರ್ತೆಯನ್ನೇ ಷಡ್ಡಕರು ಮೊಬೈಲಿನಿಂದ ಟೀವಿಗೆ ಹಾಕಿಸಿದ್ದರು. ನೋಡುತ್ತೇನೆ, ಪರದೆಯ ಮೇಲೆ ಸವಿತಾ ನಿಜಕ್ಕೂ ಸವಿತಾಳ ಹಾಗೆಯೇ ಕೂತಿದ್ದಾಳೆ! ಅದೇ ಹುಣಸೆಬೀಜ. ಇದ್ದಬದ್ದ ಬಟನ್ನುಗಳನ್ನೆಲ್ಲ ಒತ್ತಿ ಅಂತೂ ಸಾಧಿಸಿಬಿಟ್ಟಿದ್ದರು. ಅವಳ ಮುಖ ಹೋಗಿ ಬೇರೆ ದೃಶ್ಯ ಬಂತು. ಮಂತ್ರಿಗಳು ಬೀಟ್‌ರೂಟಿನ ಹಾಗಿದ್ದರು. ಅವರು ನೆಟ್ಟ ಸಸಿ ಇಟ್ಟಿಗೆಯ ಬಣ್ಣಕ್ಕಿತ್ತು. ಸುರಿದ ನೀರು ಸೀಮೆಎಣ್ಣೆಯಂತೆ ಕಂಡು ನನ್ನ ಹೆಂಡತಿ "ಅಯ್ಯೋ, ಬೆಂಕಿ ಹಚ್ತಾರಾ?" ಅಂದಳು.

ಷಡ್ಡಕರಿಗೆ ಅದೆಲ್ಲ ಕಣ್ಣಿಗೇ ಬೀಳಲಿಲ್ಲ. ಮಗಳನ್ನು ಕರೆದು ಟೀವಿ ಪಕ್ಕ ನಿಲ್ಲಿಸಿ, "ಈ ಕಡೆ ತಿರುಗು, ಇನ್ನು ಸ್ವಲ್ಪ" ಅಂತ ಮುಖಕ್ಕೆ ಮುಖ ಹೋಲಿಸಿದರು.

"ಅಪ್ಪಾ, ಮಿಕ್ಕವರೆಲ್ಲ ವಿಚಿತ್ರವಾಗಿ ಕಾಣ್ತಿದಾರಲ್ಲ" ಅಂದಳು ಸವಿತಾ.

"ಮಿಕ್ಕವರು ನಂಗೇನಾಗ್ಬೇಕು? ಕೈ ತೋರ್ಸು, ಕೈದೂ ಒಂದ್ಸಲ ನೋಡೋಣ." ಅವಳ ಕೈಯನ್ನು ಪರದೆಯ ಹತ್ತಿರ ತಂದರು. ಪರದೆಯನ್ನು ಮೇಲಿಂದ ಕೆಳಗೆ ಹುಡುಕಿದರು. "ಇದರಲ್ಲಿ ನಿನ್ನ ಕೈ ಎಲ್ಲಿ? ಯಾವತ್ತೂ ಕೈಯೇ ಕಾಣಲ್ವಲ್ಲ."

ಸವಿತಾ ಕೈ ಹಿಂದಕ್ಕೆಳೆದುಕೊಂಡಳು. "ಮೇಜಿನ ಕೆಳಗೆ ಇಟ್ಕೊಬೇಕು ಅಪ್ಪಾ. ಮುಖಕ್ಕೂ ಕತ್ತಿಗೂ ಹಚ್ತಾರೆ, ಕೈಗೆ ಹಚ್ಚೋಷ್ಟು ಟೈಮಿರಲ್ಲ. ಕೈ ಕಂಡ್ರೆ ಗೊತ್ತಾಗ್ಬಿಡುತ್ತೆ."

ಷಡ್ಡಕರು ರಿಮೋಟನ್ನು ಕೆಳಗಿಟ್ಟರು. ಅಕ್ಕ ಊಟಕ್ಕೆ ಕರೆದರು, ಎಲ್ಲರೂ ಎದ್ದೆವು. ಸವಿತಾ ಮಾತ್ರ ಕೈ ಒರೆಸಿಕೊಳ್ಳುತ್ತ ಮತ್ತೆ ಬಂದು ಆ ಕೆಟ್ಟುಹೋದ ಟೀವಿಯೊಳಗಿನ ತನ್ನನ್ನು ನೋಡುತ್ತ ನಿಂತಿದ್ದಳು. ನಾನು ಇನ್ನೊಂದು ಹಪ್ಪಳ ತಿಂದೆ.

ಮಾರನೆಯ ದಿನ ನಾನು ಇಂದಿರಾನಗರದ ಆಫೀಸಿನಲ್ಲಿದ್ದೆ. ಮಧ್ಯಾಹ್ನ ಷಡ್ಡಕರ ಫೋನು. ಟೀವಿ ಪೂರ್ತಿ ಹೋಯಿತು ಅಂತ ಗೋಳಾಟ. ವಾರ್ತೆಯ ಹೊತ್ತಿಗೆ ಅಂಗಡಿಯಿಂದ ಮನೆಗೆ ಓಡಿಬಂದು ಹಾಕಿದರೆ ಸವಿತಾ ಕೂರಬೇಕಾದ ಜಾಗದಲ್ಲಿ ಬರೀ ಕತ್ತಲೆ. ಎರಡು ಓಲೆ, ಎರಡು ಕಣ್ಣು, ಅಷ್ಟೇ. ವೈರು ಕಿತ್ತು ಹಾಕಿದರಂತೆ, ಬೆನ್ನಿಗೆ ಗುದ್ದಿದರಂತೆ, ಕಾಡಿಗೆ ಚುಕ್ಕೆ ಒರೆಸಿದರಂತೆ, ಏನೂ ಆಗಲಿಲ್ಲ. "ನಿನ್ನೆ ಸರಿಯಾಗಿತ್ತಲ್ರೀ, ನೀವೇ ನೋಡಿದ್ರಲ್ಲ" ಅಂತ ನನ್ನನ್ನೇ ಕೇಳಿದರು. ನನಗೇನು ಗೊತ್ತು? ನಾನು ಗೊಂದಲದಲ್ಲಿ ಮನೆಗೆ ಫೋನ್ ಮಾಡಿದೆ. ನನ್ನ ಹೆಂಡತಿ ಎತ್ತಿದ ಕೂಡಲೇ ಶುರುಮಾಡಿದಳು. "ನಮ್ಮನೆ ಟೀವೀಲಿ ಚೆನ್ನಾಗಿ ಬಂತು ರೀ. ಸವಿತಾ ಇವತ್ತು ಏನೂ ಹಚ್ಕೊಂಡಿಲ್ಲ. ಹಾಗೇ ಕೂತು ಓದಿದಾಳೆ, ಕೈ ಮೇಜಿನ ಮೇಲಿಟ್ಕೊಂಡು."

ಬಾದಾಮಿಯನ್ನು ಹುಣಸೆಬೀಜ ಮಾಡಲು ಬಣ್ಣ ಬದಲಿಸಿಟ್ಟ ಟೀವಿ ನಿಜವಾದ ಹುಣಸೆಬೀಜವನ್ನು ಇದ್ದಿಲು ಮಾಡಿತ್ತು. ಊರೆಲ್ಲ ನೋಡಿದ್ದನ್ನು ನೋಡದೆ ಉಳಿದವರು ಷಡ್ಡಕರೊಬ್ಬರೇ!

ಸಂಜೆ ನಾವಿಬ್ಬರೂ ಬೈಯಪ್ಪನಹಳ್ಳಿಗೆ ಹೋದೆವು. ಸವಿತಾ ಚಪ್ಪಲಿ ಬಿಡುತ್ತಲೇ ಕೇಳಿದಳು. "ಅಪ್ಪಾ, ನೋಡಿದ್ಯಾ?"

ಒಂದು ಸುಳ್ಳು ಹೇಳಿಬಿಡಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಷಡ್ಡಕರು ತಲೆ ತಗ್ಗಿಸಿದರು. "ಇಲ್ಲ ಮಗಳೇ. ಕಾಣ್ಲಿಲ್ಲ. ನಾನೇ ಎಲ್ಲ ತಿರುಗಿಸಿ ಕೆಡಿಸಿಟ್ಟಿದ್ದೆ."

"ಆಫೀಸಲ್ಲಿ ಬೈದ್ರೇನೇ?" ಅಂತ ಅಕ್ಕ ಕೇಳಿದರು.

"ಬೈದ್ರು. ಇವತ್ತೊಂದಿನ ಅಂತ ಬಿಟ್ಟಿದಾರೆ. ಮತ್ತೆ ಹೀಗೆ ಮಾಡಿದ್ರೆ ನೋಡ್ಕೊತೀವಿ ಅಂದ್ರು." ಸವಿತಾ ತಂದೆಯ ಪಕ್ಕ ನೆಲದ ಮೇಲೆ ಕೂತಳು. ಅವರನ್ನೇ ನೋಡಿದಳು. "ನೀನು ನೋಡ್ಲೇ ಇಲ್ವಲ್ಲ ಅಪ್ಪಾ. ಹಾಗಾದ್ರೆ ನಾಳೆನೂ ಹಚ್ಕೊಳಲ್ಲ."

ಅಕ್ಕ ಏನೋ ಹೇಳಲು ಹೋಗಿ, ಅಳು ಬಂದು, ಎದ್ದು ಒಳಗೆ ಹೋದರು. ಕೆಲಸ ಹೋದರೆ ಏನು ಗತಿ, ಬಂದ ಸಂಬಂಧಗಳು ಹಿಂದಕ್ಕೆ ಹೋದರೆ ಏನು ಗತಿ ಅಂತ ಅವರಿಗೆ ನಿಜವಾದ ಭಯವಿತ್ತು. ನನಗೂ ಇತ್ತು. ಷಡ್ಡಕರು ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಮರುದಿನ ನಾನು ಅರ್ಧ ದಿನ ರಜೆ ಹಾಕಿದೆ, ಇಬ್ಬರೂ ಮತ್ತೆ ಷಡ್ಡಕರ ಮನೆಗೆ ಹೋದೆವು. ನನ್ನ ಹೆಂಡತಿ ರಿಮೋಟು ತೆಗೆದುಕೊಂಡು, ಟೀವಿಯ ಬಣ್ಣವನ್ನು ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೇ ಮಾಡಿಟ್ಟಳು. ಷಡ್ಡಕರು ಅದನ್ನು ಮುಟ್ಟಲಿಲ್ಲ. ಅಕ್ಕ ಬೆಳಿಗ್ಗೆಯಿಂದ ಅಡುಗೆಮನೆಯಲ್ಲೇ ಇದ್ದರು, ನಾನು ನೋಡುವುದಿಲ್ಲ, ನನ್ನ ಕೈಲಾಗುವುದಿಲ್ಲ ಅಂತ ಹೇಳಿಬಿಟ್ಟಿದ್ದರು. ವಾರ್ತೆಯ ಸಂಗೀತ ಬಂತು. ಪರದೆ ತಿಳಿಯಾಯಿತು. ಸವಿತಾ ಕೂತಿದ್ದಳು, ತಾನು ಹುಟ್ಟಿದ ಬಣ್ಣದಲ್ಲೇ. ಸ್ವಲ್ಪ ಹೆದರಿದ್ದಳು, ನಮಸ್ಕಾರ ಹೇಳುವಾಗ ಗಂಟಲು ಸರಿಮಾಡಿಕೊಂಡಳು.

ನಾನೊಬ್ಬ ಪೆದ್ದ, ಆ ಹೊತ್ತಿನಲ್ಲಿ "ಶೇಡು ಸರಿ ಇದೆಯಾ?" ಅಂತ ಕೇಳಿದೆ. ಷಡ್ಡಕರಿಗೆ ಅದು ಕೇಳಿಸಲೇ ಇಲ್ಲ. ಅವರು ಮೆಲ್ಲಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು.

"ಬಾರೇ ಹೊರಗೆ" ಅಂದರು. "ಮಗಳು ಬಂದ್ಲು."

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದವರು ಮೊದಲು ಬೀದಿಬಾಗಿಲ ಕಡೆ ನೋಡಿದರು.